ಮೊದಲು ಗಾಳಿ ಅಳೆಯೋಣ, ಆಮೇಲೆ ಕನ್ನಡಿ: ಉಪಗ್ರಹಗಳ ಚಿತ್ರ ತೆಗೆಯುವ ಕಡಿಮೆ ಖರ್ಚಿನ ದೊಡ್ಡ ಟೆಲಿಸ್ಕೋಪ್

(ಕೊಪ್ಪಳದಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ವರ್ಕ್‌ಶಾಪ್ ನಡೆಸುವವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

2012ರ ಏಪ್ರಿಲ್ 8ರಂದು ಯುರೋಪಿನ ಎನ್ವಿಸ್ಯಾಟ್ ಉಪಗ್ರಹ ಇದ್ದಕ್ಕಿದ್ದಂತೆ ಸಂಪರ್ಕ ಕಳೆದುಕೊಂಡಿತು. ಎಂಟು ಟನ್ ತೂಕ, ಸುಮಾರು 770 ಕಿ.ಮೀ. ಎತ್ತರ. ಎಲ್ಲಿದೆ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಹೇಗಿದೆ ಅನ್ನೋದು ಯಾರಿಗೂ ಗೊತ್ತಿರಲಿಲ್ಲ. ಮುರಿದಿದೆಯಾ? ಸೌರ ಫಲಕ ಜಾಗದಲ್ಲೇ ಇದೆಯಾ? ಉರುಳುತ್ತಿದೆಯಾ? ಆಗ ಜರ್ಮನಿಯ ಒಂದು ದೊಡ್ಡ ರಾಡಾರ್ ಅದರ ಚಿತ್ರ ತೆಗೆಯಿತು. ಭೂಮಿಯ ಫೋಟೊ ತೆಗೆಯೋಕೆ ಇದ್ದ ಫ್ರಾನ್ಸ್‌ನ ಪ್ಲೇಯಾಡ್ ಉಪಗ್ರಹವನ್ನು ಎನ್ವಿಸ್ಯಾಟ್ ಕಡೆ ತಿರುಗಿಸಿ ಇನ್ನೊಂದು ಚಿತ್ರ ತೆಗೆದರು. ಉಪಗ್ರಹ ಇಡಿಯಾಗಿಯೇ ಕಾಣಿಸಿತು.

ಇಂಥ ಪ್ರಶ್ನೆಗಳು ಇನ್ನು ಮುಂದೆ ಜಾಸ್ತಿ ಬರುತ್ತವೆ. ಭೂಮಿಯ ಸುತ್ತ ಸಾವಿರಾರು ಉಪಗ್ರಹಗಳು ತಿರುಗುತ್ತಿವೆ. 2009ರ ಫೆಬ್ರವರಿ 10ರಂದು ಅಮೆರಿಕದ ಸಂಪರ್ಕ ಉಪಗ್ರಹ ಇರಿಡಿಯಂ 33 ಮತ್ತು ರಷ್ಯಾದ ಸತ್ತ ಉಪಗ್ರಹ ಕಾಸ್ಮೋಸ್ 2251 ಡಿಕ್ಕಿ ಹೊಡೆದವು. ಅದರ ಚೂರುಗಳು ಇನ್ನೂ ಸುತ್ತುತ್ತಿವೆ. ನಮ್ಮ ಇಸ್ರೋ ಕೂಡ ಇಂಥ ಉಪಗ್ರಹ, ಚೂರುಗಳ ಮೇಲೆ ಕಣ್ಣಿಡೋಕೆ 2020ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಪೀಣ್ಯದಲ್ಲಿ ನೇತ್ರ ನಿಯಂತ್ರಣ ಕೇಂದ್ರ ಶುರು ಮಾಡಿತು. ಆದರೆ ಇಲ್ಲಿ ಎರಡು ಕೆಲಸಗಳಿವೆ, ಎರಡನ್ನೂ ಬೇರೆ ಬೇರೆ ಇಟ್ಟುಕೊಳ್ಳಿ. ವಸ್ತು ಎಲ್ಲಿದೆ ಅಂತ ಲೆಕ್ಕ ಇಡೋದು ಒಂದು. ಅದರ ಆಕಾರ ಕಾಣುವ ಹಾಗೆ ಚಿತ್ರ ತೆಗೆಯೋದು ಇನ್ನೊಂದು. ನಾನು ಮಾತಾಡೋದು ಎರಡನೆಯದರ ಬಗ್ಗೆ. ಅದೂ ಒಂದು ಕಾಲೇಜಿನ ಕೈಗೆ ಎಟುಕುವ ಖರ್ಚಿನಲ್ಲಿ.

ಮೊದಲು ಗಾತ್ರದ ಅಂದಾಜು ಸಿಗಲಿ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಅಗಲ 109 ಮೀಟರ್. ನೆತ್ತಿಯ ಮೇಲೆ ಬಂದಾಗ ಅದು ನಮ್ಮಿಂದ ಸುಮಾರು 400 ಕಿ.ಮೀ. ದೂರದಲ್ಲಿರುತ್ತದೆ. ರಾಯಚೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ ಹೋದಷ್ಟು ದೂರ, ಆದರೆ ಮೇಲಕ್ಕೆ. ಅಲ್ಲಿಂದ ನಮ್ಮ ಕಣ್ಣಿಗೆ ಅದು ಮಾಡುವ ಕೋನ ಸುಮಾರು 56 ಆರ್ಕ್‌ಸೆಕೆಂಡ್. ಒಂದು ಡಿಗ್ರಿಯಲ್ಲಿ 3600 ಆರ್ಕ್‌ಸೆಕೆಂಡ್ ಅಂತ ನಿಮಗೆ ಗೊತ್ತಿದೆ. ಅಂದರೆ ನಿಲ್ದಾಣ ಗುರುಗ್ರಹಕ್ಕಿಂತ ಸ್ವಲ್ಪ ದೊಡ್ಡದಾಗಿಯೇ ಕಾಣುತ್ತದೆ. 400 ಕಿ.ಮೀ. ದೂರದಲ್ಲಿ ಒಂದು ಆರ್ಕ್‌ಸೆಕೆಂಡ್ ಅಂದರೆ ಹೆಚ್ಚುಕಡಿಮೆ 2 ಮೀಟರ್. ಈ ಒಂದು ಅಂಕಿ ತಲೆಯಲ್ಲಿದ್ದರೆ ಸಾಕು, ಉಳಿದ ಲೆಕ್ಕ ತಾನಾಗಿ ಬರುತ್ತದೆ.

ಟೆಲಿಸ್ಕೋಪ್ ಎಷ್ಟು ಸಣ್ಣದನ್ನು ಬಿಡಿಸಿ ತೋರಿಸುತ್ತದೆ ಅನ್ನೋದು ಬೆಳಕಿನ ತರಂಗದ ಉದ್ದ ಮತ್ತು ಕನ್ನಡಿಯ ಅಗಲದ ಮೇಲೆ ನಿಂತಿದೆ. ತರಂಗದ ಉದ್ದವನ್ನು ಕನ್ನಡಿಯ ಅಗಲದಿಂದ ಭಾಗಿಸಿ, 1.22ರಿಂದ ಗುಣಿಸಿ. ಬರುವ ಕೋನ ರೇಡಿಯನ್‌ನಲ್ಲಿರುತ್ತದೆ, ಅದನ್ನು ಆರ್ಕ್‌ಸೆಕೆಂಡಿಗೆ ಬದಲಿಸಿಕೊಳ್ಳಿ. ಹಸಿರು ಬೆಳಕಿನಲ್ಲಿ 1 ಮೀಟರ್ ಕನ್ನಡಿಗೆ 0.14 ಆರ್ಕ್‌ಸೆಕೆಂಡ್ ಬರುತ್ತದೆ. ಅಂದರೆ 400 ಕಿ.ಮೀ. ದೂರದಲ್ಲಿ 27 ಸೆಂಟಿಮೀಟರ್. ಕಾಗದದ ಮೇಲೆ ಭಾರಿ ಚೆನ್ನಾಗಿದೆ. ಹಾಗಾಗಿ ಎಲ್ಲರ ಮೊದಲ ಯೋಚನೆ ಒಂದೇ: ದೊಡ್ಡ ಕನ್ನಡಿ ತರೋಣ.

ಇಲ್ಲೇ ಸ್ವಲ್ಪ ತಡೆಯಿರಿ. ಟೆಲಿಸ್ಕೋಪಿನ ಖರ್ಚು ಕನ್ನಡಿಯ ಅಗಲದ ಜೊತೆ ನೇರವಾಗಿ ಏರೋದಿಲ್ಲ. ಅಗಲದ ಎರಡೂವರೆ ಘಾತಕ್ಕಿಂತ ಸ್ವಲ್ಪ ಮೇಲೆಯೇ ಏರುತ್ತದೆ ಅನ್ನೋದು ಹಳೆಯ ಅನುಭವದ ಲೆಕ್ಕ. ಅಗಲ ಎರಡು ಪಟ್ಟು ಮಾಡಿದರೆ ಖರ್ಚು ಸುಮಾರು ಆರು ಪಟ್ಟು. ಯಾಕೆ ಅಂದರೆ ಕನ್ನಡಿ ಭಾರ ಆದರೆ ಅದನ್ನು ಹೊರುವ ಚೌಕಟ್ಟು ಭಾರ, ಅದನ್ನು ತಿರುಗಿಸುವ ಮೋಟರ್ ದೊಡ್ಡದು, ಕೆಳಗಿನ ಪಾಯ ದೊಡ್ಡದು, ಮೇಲಿನ ಕಟ್ಟಡ ದೊಡ್ಡದು. ಅಷ್ಟೆಲ್ಲ ಕೊಟ್ಟು ತಂದ ಕನ್ನಡಿ ನಮ್ಮ ಊರಿನ ಗಾಳಿಯಲ್ಲಿ ಆ 27 ಸೆಂಟಿಮೀಟರ್ ತೋರಿಸುತ್ತದಾ? ಇಡೀ ವಿಷಯ ಇರೋದು ಈ ಪ್ರಶ್ನೆಯಲ್ಲಿ.

ಏಪ್ರಿಲ್ ಮಧ್ಯಾಹ್ನ ಟಾರು ರಸ್ತೆ ಮೇಲೆ ದೂರದ ಲಾರಿ ನಡುಗಿದ ಹಾಗೆ ಕಾಣೋದನ್ನು ನೀವೆಲ್ಲ ನೋಡಿದ್ದೀರಿ. ಬಿಸಿ ಗಾಳಿಯ ಪದರ ಮತ್ತು ತಂಪು ಗಾಳಿಯ ಪದರ ಬೆರೆಯುವಾಗ ಬೆಳಕು ಒಂದೊಂದು ಕಡೆ ಒಂದೊಂದು ಥರ ಬಾಗುತ್ತದೆ. ರಾತ್ರಿ ಆಕಾಶದಲ್ಲೂ ಇದೇ ನಡೆಯುತ್ತದೆ, ಸಣ್ಣ ಪ್ರಮಾಣದಲ್ಲಿ. ಇದಕ್ಕೆ ಆಕಾಶ ನೋಡುವವರು ಸೀಯಿಂಗ್ ಅಂತಾರೆ. ನಕ್ಷತ್ರದ ಚುಕ್ಕಿ ಎಷ್ಟು ಅಗಲಕ್ಕೆ ಕದಡಿ ಕಾಣುತ್ತದೋ ಅದೇ ಅದರ ಅಳತೆ. ಸೀಯಿಂಗ್ 1 ಆರ್ಕ್‌ಸೆಕೆಂಡ್ ಇದ್ದರೆ ಅದು ಒಳ್ಳೆಯ ಜಾಗ. ಬಯಲು ಸೀಮೆಯಲ್ಲಿ 2 ಅಥವಾ ಇನ್ನೂ ಜಾಸ್ತಿ ಇರೋದು ಸಾಮಾನ್ಯ. ಆಗ 1 ಮೀಟರ್ ಕನ್ನಡಿಯಾಗಲಿ, 4 ಮೀಟರ್ ಕನ್ನಡಿಯಾಗಲಿ, ಸಾಧಾರಣ ಫೋಟೊದಲ್ಲಿ 4 ಮೀಟರ್‌ಗಿಂತ ಸಣ್ಣದು ಯಾವುದೂ ಕಾಣೋದಿಲ್ಲ.

ಇದನ್ನು ಇನ್ನೊಂದು ಅಳತೆಯಲ್ಲಿ ಹೇಳಬಹುದು. ನೆಲಕ್ಕೆ ಬಂದ ಬೆಳಕಿನ ಅಲೆ ಎಷ್ಟು ಅಗಲದವರೆಗೆ ಹೆಚ್ಚುಕಡಿಮೆ ಚಪ್ಪಟೆಯಾಗಿ ಉಳಿದಿರುತ್ತದೆ? ಅದಕ್ಕೆ ಫ್ರೀಡ್ ಅಳತೆ ಅನ್ನುತ್ತಾರೆ. ಸೀಯಿಂಗ್ 1 ಆರ್ಕ್‌ಸೆಕೆಂಡ್ ಇದ್ದರೆ ಫ್ರೀಡ್ ಅಳತೆ 10 ಸೆಂಟಿಮೀಟರ್. ಸೀಯಿಂಗ್ 2 ಆದರೆ ಬರೀ 5 ಸೆಂಟಿಮೀಟರ್. 1 ಮೀಟರ್ ಕನ್ನಡಿ ಅಂದರೆ ಅಡ್ಡಕ್ಕೆ ಇಂಥ ಹತ್ತು ಅಥವಾ ಇಪ್ಪತ್ತು ತುಂಡುಗಳು, ಒಂದೊಂದೂ ತನ್ನಿಷ್ಟದಂತೆ ಅಲುಗಾಡುತ್ತಿರುತ್ತದೆ.

ಹಾಗಾದರೆ ಹವ್ಯಾಸಿಗಳು ತೆಗೆದ ಅಷ್ಟು ಚೂಪಾದ ಚಿತ್ರಗಳು ಹೇಗೆ ಬಂದವು ಅಂತ ಕೇಳಬಹುದು. ಫ್ರಾನ್ಸ್‌ನ ತಿಯೆರಿ ಲೆಗೋ 2012ರ ಜನವರಿ 1ರಂದು ರಷ್ಯಾದ ಫೋಬೋಸ್-ಗ್ರಂಟ್ ನೌಕೆಯನ್ನು ಚಿತ್ರಿಸಿದರು. ಅದು ಕಕ್ಷೆಯಲ್ಲೇ ಸಿಕ್ಕಿಹಾಕಿಕೊಂಡಿದ್ದ ನೌಕೆ. ಎರಡು ವಾರದಲ್ಲಿ ಸಮುದ್ರಕ್ಕೆ ಬಿತ್ತು. ಅವರ ಟೆಲಿಸ್ಕೋಪ್ 14 ಇಂಚಿನದು, ಸುಮಾರು 35 ಸೆಂಟಿಮೀಟರ್. ಅವರು ಮಾಡಿದ್ದು ಇಷ್ಟು: ಸೆಕೆಂಡಿಗೆ ಹತ್ತಾರು ಚಿತ್ರ ತೆಗೆದು, ಗಾಳಿ ಒಂದು ಕ್ಷಣ ಸುಮ್ಮನಾದಾಗ ಬಂದ ಚೂಪು ಚಿತ್ರಗಳನ್ನಷ್ಟೇ ಆರಿಸಿ ಒಟ್ಟುಮಾಡೋದು. ಇದನ್ನು ಅದೃಷ್ಟದ ಚಿತ್ರಣ ಅಂತ ಕರೆಯೋಣ. ಹೆಸರಿನಲ್ಲಿ ಅದೃಷ್ಟ ಇದ್ದರೂ ಲೆಕ್ಕ ಗಟ್ಟಿಯಾಗಿದೆ. ಆ ಅಳತೆಗೆ ಯಾರ ಹೆಸರಿದೆಯೋ ಆ ಡೇವಿಡ್ ಫ್ರೀಡ್ 1978ರಲ್ಲೇ ಇದರ ಸೂತ್ರ ಕೊಟ್ಟರು. ಕನ್ನಡಿಯ ಅಗಲವನ್ನು ಫ್ರೀಡ್ ಅಳತೆಯಿಂದ ಭಾಗಿಸಿ. ಉತ್ತರ 10 ಬಂದರೆ ಒಳ್ಳೆಯ ಚಿತ್ರ ಸಿಗುವ ಸಾಧ್ಯತೆ ಹತ್ತು ಲಕ್ಷಕ್ಕೆ ಒಂದು. 7 ಬಂದರೆ ಸುಮಾರು 370ಕ್ಕೆ ಒಂದು. 5.3 ಬಂದರೆ ನೂರಕ್ಕೆ ಏಳು.

ಇಳಿಜಾರು ಎಷ್ಟು ಕಡಿದಾಗಿದೆ ನೋಡಿ. ಹತ್ತು ಲಕ್ಷಕ್ಕೆ ಒಂದರಿಂದ ನೂರಕ್ಕೆ ಏಳಕ್ಕೆ ಬರೋಕೆ ಕನ್ನಡಿಯನ್ನು ಅರ್ಧ ಮಾಡಿದರೆ ಸಾಕು.

ಹತ್ತು ಲಕ್ಷ ಚಿತ್ರ ತೆಗೆದುಬಿಡೋಣ ಅನ್ನಬಹುದು. ಗ್ರಹದ ವಿಷಯದಲ್ಲಿ ಗಂಟೆಗಟ್ಟಲೆ ಕೂರಬಹುದು. ಉಪಗ್ರಹ ಹಾಗೆ ಕಾಯೋದಿಲ್ಲ. ನಿಲ್ದಾಣ ಸೆಕೆಂಡಿಗೆ 7.66 ಕಿ.ಮೀ. ಓಡುತ್ತದೆ. ನೆತ್ತಿಯ ಮೇಲೆ ಸೆಕೆಂಡಿಗೆ 1.1 ಡಿಗ್ರಿ ಸರಿಯುತ್ತದೆ. ಅಂದರೆ ನಾವು ಅದನ್ನು ನೋಡುವ ಕೋನವೂ ಅಷ್ಟೇ ವೇಗದಲ್ಲಿ ಬದಲಾಗುತ್ತದೆ. ಅದರ ಒಂದು ಭಾಗ ಇನ್ನೊಂದಕ್ಕಿಂತ 20 ಮೀಟರ್ ಹಿಂದೆ ಇದ್ದರೆ, ಚಿತ್ರದಲ್ಲಿ ಅವೆರಡೂ ಒಂದಕ್ಕೊಂದು ಸೆಕೆಂಡಿಗೆ ಸುಮಾರು 38 ಸೆಂಟಿಮೀಟರ್ ಸರಿದಂತೆ ಕಾಣುತ್ತವೆ. 27 ಸೆಂಟಿಮೀಟರ್ ವಿವರ ಬೇಕು ಅನ್ನುವವನು ಮುಕ್ಕಾಲು ಸೆಕೆಂಡಿಗಿಂತ ಜಾಸ್ತಿ ಹೊತ್ತಿನ ಚಿತ್ರಗಳನ್ನು ಒಂದರ ಮೇಲೊಂದು ಇಡೋ ಹಾಗಿಲ್ಲ. ಸೆಕೆಂಡಿಗೆ 200 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಅದು 140 ಚಿತ್ರ. ಹತ್ತು ಲಕ್ಷ ಎಲ್ಲಿ, 140 ಎಲ್ಲಿ!

ಈಗ ಒಂದು ಸಣ್ಣ ಉಪಾಯ ಹೇಳುತ್ತೇನೆ. ಇದಕ್ಕೆ ಖರ್ಚು ಒಂದು ಗಾಜಿನ ಫಿಲ್ಟರ್‌ನದ್ದು ಮಾತ್ರ. ತರಂಗದ ಉದ್ದ ಜಾಸ್ತಿಯಾದಂತೆ ಫ್ರೀಡ್ ಅಳತೆ ಇನ್ನೂ ವೇಗವಾಗಿ ಬೆಳೆಯುತ್ತದೆ. 500 ನ್ಯಾನೋಮೀಟರ್‌ನಲ್ಲಿ 10 ಸೆಂಟಿಮೀಟರ್ ಇದ್ದದ್ದು, ಕಣ್ಣಿಗೆ ಕಾಣದ 850 ನ್ಯಾನೋಮೀಟರ್‌ನ ಕೆಂಪಿನಾಚೆ (ಇನ್‌ಫ್ರಾರೆಡ್) ಬೆಳಕಿನಲ್ಲಿ ಸುಮಾರು 19 ಸೆಂಟಿಮೀಟರ್ ಆಗುತ್ತದೆ. ಈಗಿನ ಸಿಮಾಸ್ ಸೆನ್ಸರ್‌ನ ಡಿಜಿಟಲ್ ಕ್ಯಾಮೆರಾಗಳಿಗೆ ಆ ಬೆಳಕು ಕಾಣುತ್ತದೆ. 1 ಮೀಟರ್ ಕನ್ನಡಿಯನ್ನು 19ರಿಂದ ಭಾಗಿಸಿದರೆ 5.3. ಅಂದರೆ ನೂರಕ್ಕೆ ಏಳು ಚಿತ್ರ ಚೆನ್ನಾಗಿರುತ್ತವೆ. ವಿವರ 27ರಿಂದ 41 ಸೆಂಟಿಮೀಟರ್‌ಗೆ ಇಳಿಯುತ್ತದೆ, ನಿಜ. ಆದರೆ ಅದರಿಂದ ಒಂದು ಪೂರ್ತಿ ಸೆಕೆಂಡಿನ 200 ಚಿತ್ರ ಬಳಸಬಹುದು. ಅದರಲ್ಲಿ 14 ಚೂಪಾಗಿ ಬರುತ್ತವೆ. ಎಂದೂ ಸಿಗದ 27ಕ್ಕಿಂತ ಕೈಗೆ ಸಿಗುವ 41 ವಾಸಿ, ಅಲ್ವಾ?

ಆದರೆ ಇದು ಸೀಯಿಂಗ್ 1 ಇರುವ ಜಾಗದ ಮಾತು. ಸೀಯಿಂಗ್ 2 ಇರುವಲ್ಲಿ ಅದೇ 1 ಮೀಟರ್ ಕನ್ನಡಿ ಕೆಂಪಿನಾಚೆಯಲ್ಲೂ ಕೈಕೊಡುತ್ತದೆ. ಅಲ್ಲಿ 5.3 ಬರಬೇಕಾದರೆ ಕನ್ನಡಿ 50 ಸೆಂಟಿಮೀಟರ್ ಇರಬೇಕು. ಹಾಗಾಗಿ ನನ್ನ ಸಲಹೆ ಒಂದೇ: ನಿಮ್ಮ ಜಾಗದ ಫ್ರೀಡ್ ಅಳತೆಯನ್ನು ಮೊದಲು ಅಳೆಯಿರಿ. ನೀವು ಬಳಸುವ ಬೆಳಕಿನಲ್ಲಿ ಅದರ ಐದು ಪಟ್ಟು ಎಷ್ಟಾಗುತ್ತದೋ ಅಷ್ಟು ದೊಡ್ಡ ಕನ್ನಡಿ ತನ್ನಿ. ಅದಕ್ಕಿಂತ ದೊಡ್ಡದಕ್ಕೆ ಕೊಟ್ಟ ದುಡ್ಡು ಈ ಕೆಲಸಕ್ಕೆ ದಂಡ. ಬೆಳಕು ಸಾಲದು ಅನ್ನುವ ಭಯ ಬೇಡ. ಈ ಉಪಗ್ರಹಗಳ ಮೇಲೆ ನೇರ ಬಿಸಿಲು ಬೀಳುತ್ತಿರುತ್ತದೆ. ದೂರದ ಗ್ಯಾಲಕ್ಸಿ ನೋಡುವವರಿಗೆ ಕನ್ನಡಿ ದೊಡ್ಡದಿರಬೇಕಾದದ್ದು ಬೆಳಕಿಗೆ, ನಮಗೆ ಬೇಕಾದದ್ದು ವಿವರಕ್ಕೆ.

ಅಳೆಯೋದು ಹೇಗೆ? ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿರುವ ಯಾವ ವಿದ್ಯಾರ್ಥಿ ಬೇಕಾದರೂ ಮಾಡಬಹುದಾದ ಕೆಲಸ ಇದು. 25 ಸೆಂಟಿಮೀಟರ್‌ನ ಒಂದು ಟೆಲಿಸ್ಕೋಪ್ ತಗೊಳ್ಳಿ. ಅದರ ಬಾಯಿಗೆ ರಟ್ಟಿನ ಮುಚ್ಚಳ ಹಾಕಿ. ಮುಚ್ಚಳದ ಎರಡು ಅಂಚಿನಲ್ಲಿ ಎದುರುಬದುರಾಗಿ 7 ಸೆಂಟಿಮೀಟರ್‌ನ ಎರಡು ತೂತು ಕೊರೆಯಿರಿ. ನೆತ್ತಿಯ ಹತ್ತಿರದ ಒಂದು ಪ್ರಕಾಶಮಾನ ನಕ್ಷತ್ರಕ್ಕೆ ಗುರಿ ಇಡಿ. ಫೋಕಸ್ ಸ್ವಲ್ಪ ತಪ್ಪಿಸಿ. ಈಗ ಒಂದೇ ನಕ್ಷತ್ರ ಎರಡು ಚುಕ್ಕಿಯಾಗಿ ಕಾಣುತ್ತದೆ, ಒಂದೊಂದು ತೂತಿನಿಂದ ಒಂದೊಂದು. ಕೆಲವೇ ಮಿಲಿಸೆಕೆಂಡಿನ ಸಾವಿರಾರು ಚಿತ್ರ ತೆಗೆದು, ಪ್ರತಿ ಚಿತ್ರದಲ್ಲೂ ಎರಡು ಚುಕ್ಕಿಗಳ ನಡುವಿನ ದೂರ ಅಳೆಯಿರಿ. ಟೆಲಿಸ್ಕೋಪ್ ಗಾಳಿಗೆ ಅಲುಗಿದರೆ ಎರಡೂ ಚುಕ್ಕಿ ಒಟ್ಟಿಗೆ ಅಲುಗುತ್ತವೆ, ನಡುವಿನ ದೂರ ಬದಲಾಗಲ್ಲ. ದೂರ ಹೆಚ್ಚುಕಡಿಮೆ ಆಯಿತು ಅಂದರೆ ಅದು ಆಕಾಶದ ಗಾಳಿಯ ಕೆಲಸ. ಆ ಏರಿಳಿತದಿಂದ ಫ್ರೀಡ್ ಅಳತೆ ಸಿಗುತ್ತದೆ. ಪ್ರಪಂಚದ ದೊಡ್ಡ ವೀಕ್ಷಣಾಲಯಗಳು ಜಾಗ ಆರಿಸುವಾಗ ಬಳಸುವ ಉಪಕರಣದ ತತ್ವವೂ ಇದೇ. ಅವರು ಒಂದು ತೂತಿಗೆ ತೆಳು ಪ್ರಿಸಂ ಹಚ್ಚುತ್ತಾರೆ, ಅಷ್ಟೇ ವ್ಯತ್ಯಾಸ.

ಇದನ್ನು ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಮಾಡಿ ಬಿಡಬೇಡಿ. ನಮ್ಮ ಕಡೆ ಇದು ತುಂಬಾ ಮುಖ್ಯ. ಕೊಪ್ಪಳ, ಗಂಗಾವತಿ, ಆನೆಗುಂದಿ ಕಡೆ ಎತ್ತರ ಬೇಕು ಅಂದರೆ ಮೊದಲು ಕಣ್ಣಿಗೆ ಬೀಳೋದು ಬಂಡೆ ಗುಡ್ಡಗಳು. ಆದರೆ ಬಂಡೆ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಬಹಳ ಹೊತ್ತು ಝಳ ಬಿಡುತ್ತದೆ. ಸಂಜೆ ಏಳಕ್ಕೆ ಬಂಡೆ ಮೇಲೆ ಕೂತವರಿಗೆ ಇದು ಮೈಗೇ ಗೊತ್ತಾಗುತ್ತದೆ. ಆರ್‌ಸಿಸಿ ಮಾಳಿಗೆಯದೂ ಅದೇ ಕಥೆ. ಕಾಲೇಜಿನ ಮಾಳಿಗೆ ಮೇಲೆ ಟೆಲಿಸ್ಕೋಪ್ ಇಡೋದು ಅನುಕೂಲ ಅನಿಸುತ್ತದೆ, ಆದರೆ ಗಾಳಿಯ ದೃಷ್ಟಿಯಿಂದ ಅದಕ್ಕಿಂತ ಕೆಟ್ಟ ಜಾಗ ಕಡಿಮೆ. ಹುಲ್ಲು ಇರುವ ಬಯಲಿನಲ್ಲಿ, ನೆಲದಿಂದ ನಾಲ್ಕೈದು ಮೀಟರ್ ಎತ್ತರದ ಕಂಬದ ಮೇಲೆ ಇಡೋದು ಮೇಲು. ನೀರಿನ ದಂಡೆಯನ್ನೂ ಪರೀಕ್ಷೆ ಮಾಡಿ ನೋಡಬೇಕು. ಉದಯಪುರದ ಸೌರ ವೀಕ್ಷಣಾಲಯವನ್ನು ಫತೇಸಾಗರ ಕೆರೆಯ ನಡುಗಡ್ಡೆಯಲ್ಲಿ ಕಟ್ಟಿದ್ದು ನೀರು ಸುತ್ತಲಿನ ಗಾಳಿಯನ್ನು ತಣ್ಣಗಿಡುತ್ತದೆ ಅಂತಲೇ. ನಮಗೆ ಮುನಿರಾಬಾದಿನಲ್ಲಿ ತುಂಗಭದ್ರೆಯ ಹಿನ್ನೀರಿದೆ. ಮಳೆ ಮುಗಿದ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ, ಆಕಾಶ ಶುಭ್ರ ಇರುತ್ತದೆ, ನೀರೂ ಇರುತ್ತದೆ. ಅಲ್ಲಿ ಒಂದು ಚಳಿಗಾಲ ಪೂರ್ತಿ ಅಳತೆ ಮಾಡಬೇಕು ಅನ್ನೋದು ನನ್ನ ಬಲವಾದ ಆಸೆ.

ಹೊತ್ತಿನ ವಿಷಯ. ಕೆಳಕಕ್ಷೆಯ ಉಪಗ್ರಹಗಳು ಕಾಣೋದು ನಮಗೆ ಕತ್ತಲಾಗಿ, ಮೇಲೆ ಅವಕ್ಕೆ ಇನ್ನೂ ಬಿಸಿಲು ಇರುವಾಗ. ಅಂದರೆ ಸಂಜೆ ಸುಮಾರು ಎರಡು ಗಂಟೆ, ಬೆಳಗಿನ ಜಾವ ಎರಡು ಗಂಟೆ. ಸಂಜೆ ನೆಲ ಇನ್ನೂ ಕಾದಿರುತ್ತದೆ. ಬೆಳಗಿನ ಜಾವ ರಾತ್ರಿಯಿಡೀ ಆರಿರುತ್ತದೆ. ಒಂದು ರೂಪಾಯಿ ಖರ್ಚಿಲ್ಲದೆ ಸೀಯಿಂಗ್ ಸುಧಾರಿಸಬೇಕಾದರೆ ಬೆಳಗ್ಗೆ ನಾಲ್ಕಕ್ಕೆ ಏಳಬೇಕು. ಇನ್ನೊಂದು ಲಾಭ ನಮ್ಮ ಅಕ್ಷಾಂಶದ್ದು. ನಾವಿರೋದು 15 ಡಿಗ್ರಿ ಉತ್ತರದಲ್ಲಿ. ಹಬಲ್ ಟೆಲಿಸ್ಕೋಪಿನ ಕಕ್ಷೆ ಭೂಮಧ್ಯರೇಖೆಗೆ 28.5 ಡಿಗ್ರಿ ಓರೆ. ಲಂಡನ್‌ನವರಿಗೆ ಅದು ದಿಗಂತದ ಮೇಲೆ ಬರೋದೇ ಇಲ್ಲ ಅನ್ನಬಹುದು. ನಮಗೆ ನೆತ್ತಿಯ ಮೇಲೇ ಬರುತ್ತದೆ. 13 ಮೀಟರ್ ಉದ್ದ, ಸುಮಾರು 500 ಕಿ.ಮೀ. ದೂರ, 5 ಆರ್ಕ್‌ಸೆಕೆಂಡ್ ಚಿಲ್ಲರೆ. 50 ಸೆಂಟಿಮೀಟರ್ ಕನ್ನಡಿ ಕೆಂಪಿನಾಚೆ ಬೆಳಕಿನಲ್ಲಿ ಆ ದೂರಕ್ಕೆ 1 ಮೀಟರ್ ಬಿಡಿಸುತ್ತದೆ. ಕೊಳವೆ ಯಾವುದು, ಫಲಕ ಯಾವುದು ಅಂತ ಹೇಳೋಕೆ ಇಷ್ಟು ಸಾಕು.

ಈಗ ಕನ್ನಡಿ. ಹಳೆಯ ನಿಯಮದ ಪ್ರಕಾರ ಕನ್ನಡಿಯ ದಪ್ಪ ಅಗಲದ ಆರನೇ ಒಂದು ಭಾಗ ಇರಬೇಕು. 50 ಸೆಂಟಿಮೀಟರ್ ಕನ್ನಡಿಗೆ 83 ಮಿಲಿಮೀಟರ್ ದಪ್ಪ, ಬೋರೋಸಿಲಿಕೇಟ್ ಗಾಜಾದರೆ 36 ಕೆ.ಜಿ. ತೂಕ. 30 ಮಿಲಿಮೀಟರ್‌ಗೆ ಇಳಿಸಿದರೆ 13 ಕೆ.ಜಿ. ಈ ನಿಯಮವನ್ನು ಮುರಿದು ತೋರಿಸಿದವರು ಜಾನ್ ಡಾಬ್ಸನ್. ರಾಮಕೃಷ್ಣ ಪರಂಪರೆಯ ವೇದಾಂತ ಮಠದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಸನ್ಯಾಸಿಯಾಗಿದ್ದವರು. ಹಡಗಿನ ಕಿಟಕಿಯ ಗಾಜು ಉಜ್ಜಿ ಕನ್ನಡಿ ಮಾಡಿದರು, ಪ್ಲೈವುಡ್ ಪೆಟ್ಟಿಗೆಯಲ್ಲಿ ಕೂರಿಸಿದರು, ರಸ್ತೆ ಬದಿಯಲ್ಲಿ ನಿಲ್ಲಿಸಿ ಹೋಗಿಬರುವವರಿಗೆಲ್ಲ ಆಕಾಶ ತೋರಿಸಿದರು. ತೆಳು ಗಾಜು ತನ್ನ ಭಾರಕ್ಕೆ ತಾನೇ ಬಾಗುತ್ತದೆ, ನಿಜ. ಅದಕ್ಕೆ ಹಿಂದಿನಿಂದ 18 ಅಥವಾ 27 ಕಡೆ ಸಮನಾಗಿ ಆಧಾರ ಕೊಡಬೇಕು. ಆ ಆಧಾರದ ತಟ್ಟೆಗಳನ್ನು ನಿಮ್ಮ ಲೇತ್ ಅಂಗಡಿಯಲ್ಲೇ ಮಾಡಬಹುದು.

ತೆಳು ಕನ್ನಡಿಯ ದೊಡ್ಡ ಲಾಭ ತೂಕಕ್ಕಿಂತ ಶಾಖದಲ್ಲಿದೆ. ಗಾಜು ತಣ್ಣಗಾಗುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. 83 ಮಿಲಿಮೀಟರ್‌ಗೆ ಹೋಲಿಸಿದರೆ 30 ಮಿಲಿಮೀಟರ್ ಗಾಜು ಏಳು ಪಟ್ಟಿಗಿಂತ ಬೇಗ ಆರುತ್ತದೆ. ಹಗಲು 40 ಡಿಗ್ರಿ ಮುಟ್ಟುವ ಊರಿನಲ್ಲಿ ಇದು ಸಣ್ಣ ಮಾತಲ್ಲ. ಕನ್ನಡಿ ಉಜ್ಜುವವರು ಒಂದು ಪ್ರಯೋಗ ಮಾಡುತ್ತಾರೆ. ಸಾಧ್ಯವಾದರೆ ನೀವೂ ಮಾಡಿ ನೋಡಿ. ಬ್ಲೇಡಿನ ಅಂಚು ಮತ್ತು ಒಂದು ಸಣ್ಣ ದೀಪ ಇಟ್ಟು ಮಾಡುವ ಫೂಕೋ ಪರೀಕ್ಷೆಯಲ್ಲಿ ಕನ್ನಡಿಯ ಮೇಲ್ಮೈ ನೆರಳು-ಬೆಳಕಿನಲ್ಲಿ ಕಾಣುತ್ತದೆ. ಆಗ ಕನ್ನಡಿಯ ಮೇಲೆ ಹೆಬ್ಬೆರಳು ಸ್ವಲ್ಪ ಹೊತ್ತು ಒತ್ತಿ ತೆಗೆಯಿರಿ. ಬೆರಳಿನ ಬಿಸಿಗೆ ಗಾಜು ಉಬ್ಬಿ ಅಲ್ಲಿ ಒಂದು ಗುಡ್ಡ ಎದ್ದಿರುತ್ತದೆ, ನಿಚ್ಚಳವಾಗಿ ಕಾಣುತ್ತದೆ. ನೋಡ್ತಾ ನೋಡ್ತಾ ನಿಧಾನಕ್ಕೆ ಇಳಿಯುತ್ತದೆ. ನಾವು ಸಹಿಸಬಹುದಾದ ತಪ್ಪು ಮೇಲ್ಮೈಯಲ್ಲಿ 70 ನ್ಯಾನೋಮೀಟರ್ ಮಾತ್ರ, ಕೂದಲಿನ ದಪ್ಪದ ಸಾವಿರದ ಒಂದು ಭಾಗ. ಒಂದು ಬೆರಳಿನ ಬಿಸಿ ಇಷ್ಟು ಮಾಡಿದರೆ ಇಡೀ ದಿನದ ಬಿಸಿಲು ಏನು ಮಾಡೀತು ಯೋಚಿಸಿ. ಕನ್ನಡಿ ಹಿಂದೆ ಸಣ್ಣ ಫ್ಯಾನ್ ಇಡಿ. ಹಗಲು ಪೆಟ್ಟಿಗೆಯನ್ನು ಬಿಸಿಲಿನಿಂದ ಮುಚ್ಚಿಡಿ. ಬೆಳಗಿನ ಜಾವ ಕೆಲಸ ಮಾಡಿ ಅಂದದ್ದಕ್ಕೆ ಇದು ಎರಡನೇ ಕಾರಣ.

ಕಡಿಮೆ ಖರ್ಚಿನ ದೊಡ್ಡ ಕನ್ನಡಿ ಅಂದಾಗ ಯಾರಾದರೂ ಪಾದರಸದ ಟೆಲಿಸ್ಕೋಪ್ ಬಗ್ಗೆ ಕೇಳಿಯೇ ಕೇಳುತ್ತಾರೆ. ಉತ್ತರಾಖಂಡದ ದೇವಸ್ಥಳದಲ್ಲಿ 4 ಮೀಟರ್‌ನ ಒಂದಿದೆ. ತಟ್ಟೆಯಲ್ಲಿ ಪಾದರಸ ಹಾಕಿ ತಿರುಗಿಸಿದರೆ ಅದು ತಾನಾಗಿ ಪ್ಯಾರಾಬೋಲ ಆಕಾರಕ್ಕೆ ಬರುತ್ತದೆ. ಭೌತಶಾಸ್ತ್ರದ ವಿದ್ಯಾರ್ಥಿಗಳು ಲೆಕ್ಕ ಹಾಕಿ: ಗುರುತ್ವವನ್ನು ತಿರುಗುವ ಕೋನವೇಗದ ವರ್ಗದ ಎರಡು ಪಟ್ಟಿನಿಂದ ಭಾಗಿಸಿದರೆ ಫೋಕಸ್ ದೂರ. ಎಂಟು ಸೆಕೆಂಡಿಗೆ ಒಂದು ಸುತ್ತು ಹಾಕಿದರೆ ಉತ್ತರ ಸುಮಾರು 8 ಮೀಟರ್ ಬರುತ್ತದೆ. ಅದ್ಭುತ ಯಂತ್ರ. ಆದರೆ ಅದನ್ನು ಓರೆ ಮಾಡುವ ಹಾಗಿಲ್ಲ, ನೆತ್ತಿಯನ್ನಷ್ಟೇ ನೋಡುತ್ತದೆ. ನಾಸಾ ಹಿಂದೆ 3 ಮೀಟರ್‌ನ ಪಾದರಸದ ಟೆಲಿಸ್ಕೋಪನ್ನು ಕಕ್ಷೆಯ ಕಸ ಎಣಿಸೋಕೆ ಬಳಸಿತ್ತು. ಎಣಿಸೋಕೆ ಸರಿ. ಹಿಂಬಾಲಿಸಿ ಚಿತ್ರ ತೆಗೆಯೋಕೆ ಆಗಲ್ಲ. ದಕ್ಷಿಣ ಆಫ್ರಿಕಾದ ಸಾಲ್ಟ್ ಟೆಲಿಸ್ಕೋಪಿನಲ್ಲಿ, ಅದರಲ್ಲಿ ನಮ್ಮ ಪುಣೆಯ ಖಗೋಳ ಸಂಶೋಧನೆಯ ಐಯುಕಾ ಸಂಸ್ಥೆಯ ಪಾಲೂ ಇದೆ, 91 ಷಟ್ಕೋನ ಕನ್ನಡಿ ಜೋಡಿಸಿದ್ದಾರೆ. ಎಲ್ಲದರ ಬಾಗೂ ಒಂದೇ ಗೋಳದ್ದು, ಹಾಗಾಗಿ ಖರ್ಚು ಕಡಿಮೆ. ಆದರೆ ಅದರ ಎತ್ತರದ ಕೋನ ಬದಲಾಗಲ್ಲ. ಉಪಗ್ರಹದ ಕೆಲಸಕ್ಕೆ ಅಗ್ಗದ ಕನ್ನಡಿ ಸಿಕ್ಕರೆ ಸಾಲದು, ಅದು ಓಡಬೇಕು.

ಓಡಿಸುವ ಯಂತ್ರ, ಅಂದರೆ ಮೌಂಟ್. ನನ್ನ ಮಟ್ಟಿಗೆ ದುಡ್ಡಿನ ದೊಡ್ಡ ಪಾಲು ಇಲ್ಲಿಗೆ ಹೋಗಬೇಕು. ನಕ್ಷತ್ರ ಹಿಂಬಾಲಿಸುವ ಮೌಂಟ್ ಸೆಕೆಂಡಿಗೆ 15 ಆರ್ಕ್‌ಸೆಕೆಂಡ್ ತಿರುಗಿದರೆ ಸಾಕು. ನಿಲ್ದಾಣಕ್ಕೆ ಅದರ 260 ಪಟ್ಟು ವೇಗ ಬೇಕು. ಅಷ್ಟೇ ಆದರೆ ಪರವಾಗಿಲ್ಲ. ಮಾಮೂಲಿ ಮೌಂಟ್‌ನಲ್ಲಿ ಒಂದು ಅಕ್ಷ ನೆಟ್ಟಗೆ ನಿಂತಿರುತ್ತದೆ, ಇನ್ನೊಂದು ಅಡ್ಡ. ಉಪಗ್ರಹ 85 ಡಿಗ್ರಿ ಎತ್ತರದಲ್ಲಿ ಹಾದುಹೋದರೆ ನೆಟ್ಟಗಿನ ಅಕ್ಷ ಸೆಕೆಂಡಿಗೆ 12 ಡಿಗ್ರಿಗೂ ಜಾಸ್ತಿ ತಿರುಗಬೇಕಾಗುತ್ತದೆ. ಸರಿಯಾಗಿ ನೆತ್ತಿಗೆ ಬಂದರೆ ಯಾವ ಮೋಟರ್‌ಗೂ ಆಗಲ್ಲ. ನಮಗೆ ಅತಿ ಹತ್ತಿರ, ಅತಿ ಚೆನ್ನಾಗಿ ಕಾಣುವ ಜಾಗದಲ್ಲೇ ಯಂತ್ರ ಕೈಚೆಲ್ಲುತ್ತದೆ. ಪರಿಹಾರ ಹಳೆಯದೇ: ಮೊದಲ ಅಕ್ಷವನ್ನೂ ಮಲಗಿಸಿಬಿಡಿ. ಆಗ ಆ ಕಷ್ಟದ ಬಿಂದು ದಿಗಂತಕ್ಕೆ ಹೋಗುತ್ತದೆ, ಅಲ್ಲಿ ನಮಗೆ ಕೆಲಸವಿಲ್ಲ. ಸ್ಪುಟ್ನಿಕ್ ಕಾಲದಲ್ಲಿ ಉಪಗ್ರಹ ಹಿಂಬಾಲಿಸೋಕೆಂದೇ ಮಾಡಿದ ಬೇಕರ್-ನನ್ ಕ್ಯಾಮೆರಾಗಳಿಗೆ ಮೂರು ಅಕ್ಷ ಕೊಟ್ಟಿದ್ದರು. ಅಂಥದ್ದೊಂದು ನಮ್ಮ ನೈನಿತಾಲದಲ್ಲೂ ಕೆಲಸ ಮಾಡಿತ್ತು.

ಗುರಿ ಇಡೋದು ಇನ್ನೊಂದು ತೊಡಕು. ಪ್ರಕಟವಾಗುವ ಕಕ್ಷೆಯ ಅಂಕಿಗಳಲ್ಲಿ 1 ಕಿ.ಮೀ. ವ್ಯತ್ಯಾಸ ಇರೋದು ಮಾಮೂಲು. 400 ಕಿ.ಮೀ. ದೂರಕ್ಕೆ ಅದು 8 ಆರ್ಕ್‌ಮಿನಿಟ್‌ಗೂ ಮೇಲೆ. ನಮ್ಮ ಮುಖ್ಯ ಕ್ಯಾಮೆರಾಗೆ ಕಾಣುವ ಆಕಾಶವೇ 5 ಆರ್ಕ್‌ಮಿನಿಟ್ ಇದ್ದೀತು. ಗಡಿಯಾರ ಒಂದು ಸೆಕೆಂಡಿನ ಹತ್ತನೇ ಒಂದು ಭಾಗ ತಪ್ಪಿದರೂ ಉಪಗ್ರಹ 766 ಮೀಟರ್ ಆಚೆ ಇರುತ್ತದೆ. ಹಾಗಾಗಿ ಜಿಪಿಎಸ್ ಸಮಯ ಬೇಕೇ ಬೇಕು. ಜೊತೆಗೆ, ಎರಡು ಮೂರು ಡಿಗ್ರಿ ಅಗಲ ನೋಡುವ ಒಂದು ಸಣ್ಣ ಲೆನ್ಸಿನ ಕ್ಯಾಮೆರಾವನ್ನು ಬೆನ್ನಿಗೆ ಕಟ್ಟಿ. ಅದರಲ್ಲಿ ಓಡುವ ಚುಕ್ಕಿ ಹಿಡಿದು ಕಂಪ್ಯೂಟರ್ ಮೌಂಟನ್ನು ತಿದ್ದುತ್ತಾ ಹೋಗಲಿ. ಕಂಪ್ಯೂಟರ್ ಪ್ರೋಗ್ರಾಂ ಬರೆಯುವ ಹುಡುಗ ಹುಡುಗಿಯರು ನಮ್ಮ ಕಾಲೇಜುಗಳಲ್ಲಿ ಬೇಕಾದಷ್ಟಿದ್ದಾರೆ. ಪಾಯಕ್ಕೂ ಮೌಂಟಿನ ತಳಕ್ಕೂ ಕಲ್ಲು ಹುಡುಕಬೇಕಾಗಿಲ್ಲ. ಕುಷ್ಟಗಿ, ಇಳಕಲ್ ಸೀಮೆಯ ಗ್ರಾನೈಟ್ ಇದೆ, ಅದನ್ನು ಸಮತಟ್ಟಾಗಿ ಕೊಯ್ದು ಪಾಲಿಶ್ ಮಾಡುವ ಘಟಕಗಳಿವೆ. ನಿಖರ ಅಳತೆಯ ಯಂತ್ರಗಳಿಗೆ ಪ್ರಪಂಚದಾದ್ಯಂತ ಗ್ರಾನೈಟ್ ತಳವನ್ನೇ ಬಳಸುತ್ತಾರೆ. ನಡುಕ ಬೇಗ ಅಡಗಿಸುತ್ತದೆ, ತುಕ್ಕು ಹಿಡಿಯಲ್ಲ.

ಕ್ಯಾಮೆರಾ ಬಗ್ಗೆ ಜಾಸ್ತಿ ಹೇಳೋದಿಲ್ಲ, ಇದೊಂದು ಭಾಗ ಈಗ ನಿಜಕ್ಕೂ ಅಗ್ಗವಾಗಿದೆ. ಒಂದು ಎಚ್ಚರಿಕೆ ಮಾತ್ರ. ಟೆಲಿಸ್ಕೋಪ್ ಸೆಕೆಂಡಿಗೆ 1.1 ಡಿಗ್ರಿ ತಿರುಗುವಾಗ ಅದರ ದೃಷ್ಟಿ 10 ಕಿ.ಮೀ. ಮೇಲಿನ ಗಾಳಿಯನ್ನು ಸೆಕೆಂಡಿಗೆ 190 ಮೀಟರ್ ವೇಗದಲ್ಲಿ ಸೀಳಿಕೊಂಡು ಹೋಗುತ್ತದೆ. ಗ್ರಹ ನೋಡುವಾಗ ಗಾಳಿ 5 ಮಿಲಿಸೆಕೆಂಡ್ ನಿಂತಂತೆ ಕಂಡರೆ ಇಲ್ಲಿ ನಿಲ್ಲೋದಿಲ್ಲ. ಎಕ್ಸ್‌ಪೋಶರ್ 1 ಮಿಲಿಸೆಕೆಂಡ್ ಅಥವಾ ಅದಕ್ಕೂ ಕಡಿಮೆ ಇಡಿ. ನಿಲ್ದಾಣದಂಥ ದೊಡ್ಡ ವಸ್ತುವಿನ ಎಲ್ಲ ಭಾಗವೂ ಒಂದೇ ಚಿತ್ರದಲ್ಲಿ ಚೂಪಾಗಿ ಬರಲ್ಲ. ತುಂಡು ತುಂಡಾಗಿ ಆರಿಸಬೇಕು.

ಒಂದು ಕನ್ನಡಿಯಿಂದ ಸಿಗುವ ಒಳ್ಳೆಯ ಚಿತ್ರ ಸಾಲದು ಅನ್ನಿಸಿದರೆ ಏನು ಮಾಡಬೇಕು? ಇನ್ನೂ ದೊಡ್ಡದು ಕಟ್ಟುವ ಮೊದಲು ಅದೇ ಗಾತ್ರದ ಇನ್ನೊಂದನ್ನು ಪಕ್ಕದಲ್ಲಿ ಕಟ್ಟಿ ಅನ್ನುತ್ತೇನೆ. ಹತ್ತಿಪ್ಪತ್ತು ಮೀಟರ್ ದೂರದಲ್ಲಿರುವ ಎರಡು ಟೆಲಿಸ್ಕೋಪ್‌ಗಳ ಮೇಲಿನ ಗಾಳಿ ಬೇರೆ ಬೇರೆ. ಒಂದರ ಚಿತ್ರ ಕದಡಿದ ಕ್ಷಣದಲ್ಲಿ ಇನ್ನೊಂದರದು ಚೂಪಾಗಿರಬಹುದು. ನಾಲ್ಕು ಟೆಲಿಸ್ಕೋಪ್ ಇದ್ದರೆ ಆ ಒಂದೇ ಸೆಕೆಂಡಿನಲ್ಲಿ ಒಳ್ಳೆಯ ಚಿತ್ರ ನಾಲ್ಕು ಪಟ್ಟು. ಖರ್ಚೂ ನಾಲ್ಕೇ ಪಟ್ಟು. ಅದೂ ಮೊದಲನೆಯದರ ಅಚ್ಚು, ನಕ್ಷೆ, ಪ್ರೋಗ್ರಾಂ ಎಲ್ಲ ಕೈಯಲ್ಲಿರುವುದರಿಂದ ಇನ್ನೂ ಕಡಿಮೆ. ಒಂದೇ ಕನ್ನಡಿಯನ್ನು ಎರಡು ಪಟ್ಟು ಮಾಡಿದರೆ ಆರು ಪಟ್ಟು ಅಂತ ಆಗಲೇ ನೋಡಿದೆವು. ಇದರಿಂದ ವಿವರ 50 ಸೆಂಟಿಮೀಟರ್ ಕನ್ನಡಿಗಿಂತ ಸಣ್ಣದಾಗೋದಿಲ್ಲ, ಆದರೆ ಅಷ್ಟು ವಿವರ ಸಿಗುವ ಸಾಧ್ಯತೆ ಬಹಳ ಹೆಚ್ಚುತ್ತದೆ. ಅದನ್ನೂ ಮೀರಬೇಕಾದರೆ ಬೆಳಕಿನ ದಾರಿಯಲ್ಲಿಟ್ಟ ಒಂದು ಸಣ್ಣ ಕನ್ನಡಿಯನ್ನು ಸೆಕೆಂಡಿಗೆ ನೂರಾರು ಸಲ ಬಾಗಿಸಿ ಗಾಳಿಯ ಕದಡನ್ನು ಅಳಿಸುವ ಅಡಾಪ್ಟಿವ್ ಆಪ್ಟಿಕ್ಸ್ ಬೇಕು. ಹವಾಯಿಯ ಮಾವಿಯಲ್ಲಿ ಅಮೆರಿಕದ ಸೇನೆ ಉಪಗ್ರಹ ನೋಡೋದು ಹೀಗೇ, ಅವರ ಕನ್ನಡಿ 3.6 ಮೀಟರ್ ಚಿಲ್ಲರೆ. ಇದು ಬರೀ ಸೇನೆಗಳ ಸೊತ್ತು ಅಂದುಕೊಳ್ಳಬೇಡಿ. ಅಮೆರಿಕದ ಪಾಲೋಮಾರ್ ವೀಕ್ಷಣಾಲಯದ 1.5 ಮೀಟರ್ ಟೆಲಿಸ್ಕೋಪಿಗೆ ರೋಬೋ-ಎಒ ಅನ್ನುವ ಇಂಥದ್ದೇ ಕಡಿಮೆ ಖರ್ಚಿನ ವ್ಯವಸ್ಥೆ ಕಟ್ಟಿದಾಗ ಐಯುಕಾದವರೂ ಅದರಲ್ಲಿ ಕೈಜೋಡಿಸಿದ್ದರು.

ಡಿಶ್ ಟಿವಿ ಉಪಗ್ರಹ ಕಾಣುತ್ತಾ ಅಂತ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಅವು ಇರೋದು ಸುಮಾರು 36,000 ಕಿ.ಮೀ. ಎತ್ತರದಲ್ಲಿ. ಅಲ್ಲಿ 1 ಮೀಟರ್ ವಿವರ ಬೇಕಾದರೆ 24 ಮೀಟರ್ ಅಗಲದ ಕನ್ನಡಿ ಬೇಕು, ಅದೂ ಗಾಳಿಯೇ ಇಲ್ಲ ಅಂದುಕೊಂಡರೆ. ಅಮೆರಿಕದ ಅರಿಜೋನಾದಲ್ಲಿ ದೂರ ದೂರ ಇಟ್ಟ ಸಣ್ಣ ಕನ್ನಡಿಗಳ ಬೆಳಕನ್ನು ಬೆರೆಸುವ ನೌಕಾಪಡೆಯ ಉಪಕರಣದಲ್ಲಿ 2008ರಲ್ಲಿ ಅಂಥ ಒಂದು ಟಿವಿ ಉಪಗ್ರಹದ ಹೊಳಪನ್ನು ಹಿಡಿದರು. ಚಿತ್ರ ಅಂತ ಕರೆಯುವಂಥದ್ದು ಅದಲ್ಲ. ಆದರೆ ಅವುಗಳ ವಿಷಯದಲ್ಲಿ ಚಿತ್ರವಿಲ್ಲದೆಯೂ ತುಂಬ ತಿಳಿಯಬಹುದು. 20 ಸೆಂಟಿಮೀಟರ್ ಟೆಲಿಸ್ಕೋಪಿನಲ್ಲಿ ಅದರ ಬೆಳಕು ರಾತ್ರಿಯಿಡೀ ಹೇಗೆ ಏರಿಳಿಯುತ್ತದೆ ಅಂತ ಅಳೆಯಿರಿ. ಫಲಕಗಳು ಸರಿಯಾಗಿ ಸೂರ್ಯನ ಕಡೆ ತಿರುಗುತ್ತಿದ್ದರೆ ಏರಿಳಿತ ನಿಧಾನ, ಸಲೀಸು. ಉಪಗ್ರಹ ಸತ್ತು ಉರುಳುತ್ತಿದ್ದರೆ ಬೆಳಕು ಮತ್ತೆ ಮತ್ತೆ ಮಿಂಚುತ್ತದೆ, ಮಿಂಚಿನ ಅಂತರದಿಂದ ಅದು ಎಷ್ಟು ಹೊತ್ತಿಗೆ ಒಂದು ಸುತ್ತು ಹಾಕುತ್ತದೆ ಅಂತ ಹೇಳಬಹುದು. ಫೆಬ್ರವರಿ-ಮಾರ್ಚ್ ಮತ್ತು ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಸೂರ್ಯ, ಭೂಮಿ, ಉಪಗ್ರಹ ಹೆಚ್ಚುಕಡಿಮೆ ಒಂದೇ ಸಮತಲಕ್ಕೆ ಬರುವುದರಿಂದ ಅವು ಇನ್ನೂ ಚೆನ್ನಾಗಿ ಹೊಳೆಯುತ್ತವೆ. ನಮ್ಮಲ್ಲಿ ಸೆಪ್ಟೆಂಬರ್ ಮೋಡದ ತಿಂಗಳು. ಫೆಬ್ರವರಿ-ಮಾರ್ಚ್‌ಗೆ ಇಟ್ಟುಕೊಳ್ಳಿ.